ರೊಟ್ಟಿಯ ಮೇಲಿನ ನಂಬರು

ರೊಟ್ಟಿ ಮೇಲೆ ಯಾರಾದರೂ ಫೋನ್ ನಂಬರು ಒತ್ತುತ್ತಾರೇನ್ರೀ? ಅಂಗಡಿ ಬೋರ್ಡಿನ ಮೇಲೆ ಬರೆಸಲಿ, ಗಾಡಿ ಹಿಂದೆ ಬರೆಸಲಿ, ಬೇಕಿದ್ದರೆ ಬೆನ್ನಿಗೆ ಹಚ್ಚೆ ಹಾಕಿಸಿಕೊಳ್ಳಲಿ, ನನಗೇನು. ನನ್ನಪ್ಪ, ಅವರಪ್ಪ ಎಲ್ಲ ರೊಟ್ಟಿಯ ನಡುಮಧ್ಯೆ ಹೂವಿನ ಮುದ್ರೆ ಚುಚ್ಚಿ ಬದುಕಿದವರು. ಈ ಕುದ್ರತ್ ಆ ಹೂವಿನ ಸುತ್ತ ಒಂಬತ್ತು ಅಂಕಿ ಒತ್ತಿ, ಮೇಲೆ ಎಳ್ಳು ಉದುರಿಸಿ, ನಮ್ಮ ಕೋಕಂದ್ ಪಟ್ಟಣದ ಅರ್ಧ ಜನಕ್ಕೆ ತಿನ್ನಿಸಿದ. ರೊಟ್ಟಿಯಲ್ಲಿ ಏನೇ ಐಬಿದ್ದರೂ ಫೋನ್ ಮಾಡಿ, ನಾನೇ ಬದಲಿ ತಂದುಕೊಡ್ತೀನಿ ಅಂತ ಗಿರಾಕಿಗಳಿಗೆಲ್ಲ ಹೇಳಿಕೊಂಡ. ತಾಷ್ಕೆಂಟಿನಲ್ಲಿ ಹೀಗೆ ಮಾಡ್ತಾರಂತೆ. ತಾಷ್ಕೆಂಟಿನಲ್ಲಿ ಏನು ಬೇಕಾದರೂ ಮಾಡ್ತಾರೆ.

ನಾನು ಸಾಬಿರ್. ಈ ಬೀದಿಯಲ್ಲಿ ಮೂವತ್ತು ವರ್ಷದಿಂದ ರೊಟ್ಟಿ ಸುಡ್ತಿರೋನು, ಜನ ಸಾಬಿರ್ ಉಸ್ತಾ, ಅಂದರೆ ಗುರು, ಅಂತಾರೆ. ಕುದ್ರತ್ ಯಾರು ಅಂತ ಕೇಳಿದರೆ ಈಗಲೂ ನನ್ನ ಹೊಟ್ಟೆ ಉರಿಯುತ್ತೆ. ಹನ್ನೊಂದು ವರ್ಷ ನನ್ನ ತಂದೂರಿನ ಮುಂದೆ ನಿಂತು ಕಲಿತವನು. ಹಿಟ್ಟು ನಾದೋದು, ಸೊಂಟದವರೆಗೆ ಒಲೆಯೊಳಗೆ ಬಗ್ಗಿ ಗೋಡೆಗೆ ರೊಟ್ಟಿ ಅಂಟಿಸೋದು, ಹೊತ್ತೋಕೆ ಮುಂಚೆ ಕೀಳೋದು, ಎಲ್ಲ ನಾನೇ ಹೇಳಿಕೊಟ್ಟಿದ್ದು. ನಮ್ಮಲ್ಲಿ ಶಿಷ್ಯ ತನ್ನದೇ ಒಲೆ ಹೂಡಬೇಕಾದರೆ ಉಸ್ತಾ ಎರಡೂ ಅಂಗೈ ಎತ್ತಿ ಹರಸಬೇಕು. ಹಾಗೆ ಹರಸದ ಒಲೆಯ ರೊಟ್ಟಿಯನ್ನ ಯಾರೂ ಮುಟ್ಟೋದಿಲ್ಲ. ಏಳು ವರ್ಷದ ಹಿಂದೆ ಬೀದಿಯ ನಾಲ್ಕು ಜನ ಹಿರಿಯರ ಮುಂದೆ ಅವನು ನನ್ನೆದುರು ಮಂಡಿಯೂರಿ ಕೂತ. ನಾನು ಹರಸಿದೆ. ನಮ್ಮಮ್ಮನ ಕಾಲದಿಂದ ದಿನಾ ಎತ್ತಿಟ್ಟು ಉಳಿಸಿಕೊಂಡು ಬಂದ ಹುಳಿಹಿಟ್ಟಿನಲ್ಲಿ ಒಂದು ಹಿಡಿ ಬಟ್ಟೆಯಲ್ಲಿ ಕಟ್ಟಿಕೊಟ್ಟೆ. ಒಲೆ ಎಲ್ಲಿ ಹೂಡಲಿ ಉಸ್ತಾ ಅಂತ ಕೇಳಿದ. ನಾಲ್ಕು ಜನರೆದುರು ದೊಡ್ಡ ಮನುಷ್ಯ ಅನ್ನಿಸಿಕೊಳ್ಳೋ ಚಪಲ ನೋಡಿ, ಎಲ್ಲಿ ಬೇಕಾದರೂ ಹೂಡೋ, ನನ್ನ ಬಾಗಿಲೆದುರಿಗೇ ಹೂಡು, ನನಗೇನು ಅಂದುಬಿಟ್ಟೆ. ಕತ್ತೆ, ಬಾಯಿಮಾತಿಗೆ ಹೇಳಿದ್ದನ್ನ ನಿಜ ಅಂದುಕೊಂಡ. ನನ್ನ ಒಲೆಯಿಂದ ನೂರು ಹೆಜ್ಜೆ, ರಸ್ತೆಯ ಆಚೆ ಮಗ್ಗುಲಲ್ಲಿ ಹೂಡಿದ.

ಮೊದಮೊದಲು ನಾನು ಅವನನ್ನ ಲೆಕ್ಕಕ್ಕೇ ಇಟ್ಟಿರಲಿಲ್ಲ. ಆಮೇಲೆ ಬೆಳಿಗ್ಗೆ ನನ್ನ ಅಂಗಡಿ ಮುಂದೆ ಹಾದು ಹೋಗುವವರ ಕಂಕುಳಲ್ಲಿ ಅವನ ರೊಟ್ಟಿ ಕಾಣೋಕೆ ಶುರುವಾಯಿತು. ಈ ವರ್ಷ ವಸಂತದಲ್ಲಿ ನಂಬರು ಬಂತು, ನಂಬರಿನ ಹಿಂದೆ ಸಾಲು ಬಂತು. ಆ ಸಾಲಿನ ಬಾಲ ಬೆಳೆದು ಬೆಳೆದು ನನ್ನ ಅಂಗಡಿ ಕಟ್ಟೆಯವರೆಗೆ ಬಂದು ನಿಲ್ಲುತ್ತಿತ್ತು. ನನ್ನ ಕಟ್ಟೆಗೆ ಒರಗಿಕೊಂಡು, ನನಗೇ ಸಲಾಂ ಹೇಳಿ, ಮನೆಮಂದಿಯ ಆರೋಗ್ಯ ವಿಚಾರಿಸಿ, ಅವನ ರೊಟ್ಟಿಗೆ ಕಾಯ್ತಿದ್ದರು. ಅವರನ್ನ ನೋಡ್ತಾ ನೋಡ್ತಾ ನನ್ನ ಒಲೆಯಲ್ಲಿ ಎರಡು ಸಲ ರೊಟ್ಟಿ ಸೀದುಹೋಯಿತು.

ಅದನ್ನೂ ಸಹಿಸಿಕೊಳ್ತಿದ್ದೆನೋ ಏನೋ. ಆದರೆ ಎರಡು ತಿಂಗಳಲ್ಲಿ ನನ್ನ ಮಗ ದಿಲ್‌ಮುರಾದ್ ಸೈನ್ಯಕ್ಕೆ ಹೊರಡಬೇಕಿತ್ತು, ಒಂದು ವರ್ಷಕ್ಕೆ. ಮದುವೆಯಾಗಿ ಹದಿನಾಲ್ಕು ವರ್ಷಕ್ಕೆ ಹುಟ್ಟಿದವನು, ಒಬ್ಬನೇ ಮಗ. ಮನೆಯಿಂದ ಹೀಗೆ ದೂರ ಹೊರಟವನು ಹೊಸಿಲು ದಾಟುವ ಮುಂಚೆ ಒಂದು ಇಡೀ ರೊಟ್ಟಿಯನ್ನ ಒಂದು ಬಾಯಿ ಕಚ್ಚಿ ಹೋಗಬೇಕು. ಕಚ್ಚಿದ ರೊಟ್ಟಿಯನ್ನ ತಾಯಿ ಗೋಡೆಯ ಮೊಳೆಗೆ ತೂಗುಹಾಕ್ತಾಳೆ. ಉಳಿದದ್ದನ್ನ ಅವನೇ ಬಂದು ತಿನ್ನಬೇಕು. ಮಗನನ್ನ ಮನೆಗೆ ಎಳೆದು ತರೋದೇ ಆ ರೊಟ್ಟಿ ಅಂತ ನಮ್ಮ ಹೆಂಗಸರು ಮಾತ್ರ ಅಲ್ಲ, ನಾವೂ ನಂಬಿದವರು. ಈ ಬೀದಿಯಲ್ಲಿ ಅಂಥ ರೊಟ್ಟಿ ಅಂದರೆ ಅದು ನನ್ನ ಒಲೆಯದ್ದೇ ಆಗಬೇಕಿತ್ತು. ಒಂದು ಕಾಲದಲ್ಲಿ ಹೊರಡುವ ದಿನ ಬೆಳಿಗ್ಗೆ ತಾಯಂದಿರು ಬಂದು ನನ್ನ ಕೈಯಿಂದಲೇ ತಗೊಂಡು ಹೋಗ್ತಿದ್ದರು. ಹಾಗೆ ಬಂದವರಿಗೆ ನಾನು ಚಹಾ ಕೊಡದೆ ಕಳಿಸಿದವನಲ್ಲ.

ಮೂರು ವರ್ಷದ ಹಿಂದೆ ಪಕ್ಕದ ಮನೆ ಸಾಲಿಹಾ ಖಾಲಾ ಮೊಮ್ಮಗನಿಗೆ ತಗೊಂಡು ಹೋಗಿದ್ದೇ ಕೊನೆ. ನಾಲ್ಕನೇ ತಿಂಗಳಲ್ಲಿ ಆ ರೊಟ್ಟಿಗೆ ಹಸಿರು ಬೂಷ್ಟು ಹಿಡಿಯಿತು. ಆಯಮ್ಮ ಅದನ್ನ ಸೆರಗಿನಲ್ಲಿ ಮುಚ್ಚಿಕೊಂಡು, ಮುಖ ಬಿಳಿಚಿಕೊಂಡು ನನ್ನ ಅಂಗಡಿಗೆ ಬಂದಳು. ಏನು ಮಾಡಲಿ ಸಾಬಿರ್, ಇದನ್ನ ಇಳಿಸಲಾ, ಹಾಗೇ ಬಿಡಲಾ ಅಂತ ಕೇಳಿದಳು. ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು, ನನಗೆ ಅವಮಾನ ಆಯಿತು. ನಿಮ್ಮ ಗೋಡೆಯಲ್ಲಿ ತೇವ ಖಾಲಾ, ನನ್ನ ರೊಟ್ಟಿಗೇನೂ ಆಗಿಲ್ಲ, ಮೊದಲು ಮನೆಗೆ ಸುಣ್ಣ ಬಳಿಸಿ ಅಂದೆ. ಮೊಮ್ಮಗ ಸುಖವಾಗಿ ಬಂದ, ದೇವರು ದೊಡ್ಡವನು. ಆದರೆ ಅವನು ಬರೋವರೆಗೆ ಆ ಎಂಟು ತಿಂಗಳು ಆಯಮ್ಮ ಹೇಗೆ ಕಳೆದಳು ಅಂತ ನಾನು ಒಂದು ಸಲವೂ ಹೋಗಿ ಕೇಳಲಿಲ್ಲ. ಅಲ್ಲಿಂದ ಮುಂದೆ ಬೀದಿಯ ತಾಯಂದಿರೆಲ್ಲ ಹೊರಡುವ ರೊಟ್ಟಿಗೆ ಕುದ್ರತ್‌ನ ಹತ್ತಿರ ಹೋದರು.

ಈಗ ನನ್ನ ಹೆಂಡತಿ ಮಸ್ತುರಾ ಒಂದು ಸಂಜೆ ಹೆಸರುಬೇಳೆ ಆರಿಸ್ತಾ ಆರಿಸ್ತಾ, ತಲೆ ಎತ್ತದೆ ಕೇಳಿದಳು.

“ರೀ, ನಮ್ಮ ದಿಲ್‌ಮುರಾದನಿಗೆ ಯಾರ ರೊಟ್ಟಿ?”

ರೊಟ್ಟಿ ಸುಡೋನ ಮನೆಯಲ್ಲಿ ಕೇಳೋ ಪ್ರಶ್ನೆಯೇನೇ ಇದು ಅಂತ ಕೂಗಾಡಿದೆ. ಅವಳು ಬೇಳೆ ಆರಿಸ್ತಲೇ ಇದ್ದಳು.

ನನ್ನ ರೊಟ್ಟಿಗೆ ಏನಾಗಿತ್ತು ಅಂತ ನನಗೆ ಗೊತ್ತಿಲ್ಲ ಅಂದುಕೊಳ್ಳಬೇಡಿ. ಐದು ವರ್ಷದ ಹಿಂದೆ ಹಿಟ್ಟು ಕಲಸೋ ಮಿಷನ್ನು ತಂದೆ. ಮಿಷನ್ನು ಬಂದ ಮೇಲೆ ಹುಳಿಹಿಟ್ಟಿಗಾಗಿ ಕೋಳಿ ಕೂಗೋ ಮುಂಚೆ ಯಾಕೆ ಏಳಬೇಕು ಅಂತ ಪ್ಯಾಕೆಟ್ ಯೀಸ್ಟು ತಂದೆ. ಯೀಸ್ಟಿನ ರೊಟ್ಟಿ ಸಂಜೆಗೇ ಒಣಗುತ್ತೆ ಅಂತ ಅದನ್ನ ಮೂರು ದಿನ ಮೆತ್ತಗಿಡೋ ಪುಡಿ ತಂದೆ. ಆ ಚಳಿಗಾಲದಲ್ಲೇ ನಮ್ಮಮ್ಮನ ಹುಳಿಹಿಟ್ಟು ಮಡಕೆಯಲ್ಲಿ ಕಪ್ಪಾಗಿ ಸತ್ತುಹೋಯಿತು. ಗಿರಾಕಿಗಳು ಮೆತ್ತಗಿದೆ ಉಸ್ತಾ ಅಂದರು. ನಾನು ಹಿಗ್ಗಿದೆ. ಎಲ್ಲರೂ ಮಾಡೋದು ಹೀಗೇ, ಈಗ ಯಾವ ಸಾಮಾನು ಮೊದಲಿನ ಹಾಗಿದೆ ಹೇಳಿ. ಆ ಮಿಷನ್ನೇ ನೋಡಿ. ಎರಡು ವರ್ಷ ಗ್ಯಾರಂಟಿ ಅಂತ ಕಾಗದ ಕೊಟ್ಟರು, ಹತ್ತನೇ ತಿಂಗಳಿಗೆ ಅದರ ಹೊಟ್ಟೆಯೊಳಗೆ ಏನೋ ಮುರಿಯಿತು. ಕಾಗದದ ಮೇಲಿದ್ದ ನಂಬರಿಗೆ ಫೋನ್ ಮಾಡಿದರೆ ಒಬ್ಬಳು ಹೆಂಗಸು ಒಂದನ್ನ ಒತ್ತಿ, ಎರಡನ್ನ ಒತ್ತಿ ಅಂತಾಳೆ, ನಿಮ್ಮ ಕರೆ ನಮಗೆ ಅಮೂಲ್ಯ ಅಂತಾಳೆ, ಆಮೇಲೆ ಪಿಟೀಲು ಬಾರಿಸ್ತಾರೆ. ಆ ಪಿಟೀಲನ್ನ ನಾನು ಒಂದು ತಿಂಗಳು ಕೇಳಿದೆ, ಮನುಷ್ಯರ ದನಿ ಕೇಳಲಿಲ್ಲ. ಕೊನೆಗೆ ಬಜಾರಿನ ಬೆಸುಗೆಯವನೇ ಸರಿ ಮಾಡಿಕೊಟ್ಟ.

ಕುದ್ರತ್ ಫೋನು ಹೊಡೆದುಕೊಂಡ ಎರಡನೇ ಗಂಟೆಗೇ ಎತ್ತುತ್ತಾನೆ ಅಂತ ಬೀದಿಯಲ್ಲಿ ಮಾತು. ಹಿಟ್ಟಿನ ಕೈಯಲ್ಲೇ ಎತ್ತುತ್ತಾನಂತೆ. ಯಾರೋ ಮುದುಕ ತನ್ನ ಹಲ್ಲಿಗೆ ಅಂಚು ಗಟ್ಟಿಯಾಯಿತು ಅಂದಿದ್ದಕ್ಕೆ ಸೈಕಲ್ಲಿನಲ್ಲಿ ಹೋಗಿ ಮೆತ್ತನೆಯ ರೊಟ್ಟಿ ಕೊಟ್ಟು ಬಂದನಂತೆ. ಇದನ್ನ ನನ್ನ ಗಿರಾಕಿಗಳೇ, ನನ್ನ ರೊಟ್ಟಿ ತಗೊಳ್ತಾ ನನಗೇ ಹೇಳೋರು. ನಾನು ಹಲ್ಲು ಕಡಿದುಕೊಂಡು, ಹೌದಾ, ಒಳ್ಳೇ ಹುಡುಗ ಅಂತಿದ್ದೆ.

ಹೊಟ್ಟೆಕಿಚ್ಚು ಮನುಷ್ಯನಿಗೆ ಏನೇನೋ ಬುದ್ಧಿ ಕೊಡುತ್ತೆ. ಫೋನ್ ಮಾಡಿ ಅಂತ ತಾನೇ ಊರಿಗೆಲ್ಲ ಡಂಗುರ ಹೊಡೆದಿದ್ದಾನಲ್ಲ, ಮಾಡೋಣ ಅಂದುಕೊಂಡೆ. ದಿನಾ ಒಂದು ದೂರು, ರೊಟ್ಟಿಯಲ್ಲಿ ಜಿರಲೆ ಇತ್ತು, ಕೂದಲು ಇತ್ತು, ಕಲ್ಲು ಸಿಕ್ಕಿ ಹಲ್ಲು ಮುರಿಯಿತು. ಹತ್ತು ದಿನದಲ್ಲಿ ಅವನಿಗೆ ತಲೆಕೆಟ್ಟು ಆ ನಂಬರನ್ನ ತಾನೇ ಕಿತ್ತು ಬಿಸಾಕಬೇಕು. ನನ್ನ ಹತ್ತಿರ ಹಳೇ ಸಿಮ್ಮೊಂದಿತ್ತು, ಅದು ಯಾರಿಗೂ ಗೊತ್ತಿರಲಿಲ್ಲ. ನಾಲ್ಕು ಬೀದಿ ಆಚೆಯ ಕಿರಾಣಿ ಅಂಗಡಿಯಲ್ಲೂ ಅವನ ರೊಟ್ಟಿ ಮಾರೋರು. ಅಲ್ಲಿಗೆ ಹೋಗಿ ಒಂದನ್ನ ತಗೊಂಡು, ಯಾರೂ ನೋಡಬಾರದು ಅಂತ ಅಂಗಿಯೊಳಗೆ ಇಟ್ಟುಕೊಂಡು, ಬಿಸಿ ರೊಟ್ಟಿಯಿಂದ ಹೊಟ್ಟೆ ಸುಡ್ತಾ ಮನೆಗೆ ಬಂದೆ. ಹಿತ್ತಿಲ ಹಿಪ್ಪುನೇರಳೆ ಮರದ ಹಿಂದೆ ನಿಂತು ನಂಬರು ಒತ್ತಿದೆ.

ಎರಡನೇ ಗಂಟೆಗೇ ಎತ್ತಿದ. ನಾನು ಗಂಟಲು ದಪ್ಪ ಮಾಡಿ, ರೊಟ್ಟಿ ಸರಿ ಇಲ್ಲ ಅಂದೆ. ಜಿರಲೆ ಅನ್ನೋ ಮಾತು ನಾಲಿಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವನು, ರೊಟ್ಟಿ ಎದುರಿಗೇ ಇದೆಯಾ, ಸ್ವಲ್ಪ ಕೈಯಲ್ಲಿ ಹಿಡ್ಕೊಂಡು ಹೇಳಿ ಅಂದ.

ಹಿಡ್ಕೊಂಡೆ. ಅಲ್ಲಿಗೆ ನನ್ನ ಕತೆ ಮುಗಿಯಿತು. ರೊಟ್ಟಿ ಕೈಯಲ್ಲಿ ಹಿಡಿದು ಸುಳ್ಳು ಹೇಳಿದವನ ಕಣ್ಣು ಹೋಗುತ್ತೆ ಅಂತ ಅಜ್ಜಿ ಹೇಳಿದ್ದಳು, ಅವಳಿಗೆ ಅವಳಜ್ಜಿ. ಕೋರ್ಟಿನಲ್ಲಿ ಸುಳ್ಳು ಹೇಳೋರನ್ನ ನೋಡಿದ್ದೀನಿ, ಮಸೀದಿ ಅಂಗಳದಲ್ಲಿ ನಿಂತು ಹೇಳೋರನ್ನ ನೋಡಿದ್ದೀನಿ, ರೊಟ್ಟಿ ಹಿಡಿದು ಹೇಳಿದವನನ್ನ ನೋಡಿಲ್ಲ. ನಾನು ಹೊಟ್ಟೆಕಿಚ್ಚಿನವನು ಇರಬಹುದು, ಅಷ್ಟು ಕೆಟ್ಟವನಲ್ಲ. ಆ ಕಡೆ ಅವನು ಕಾಯ್ತಿದ್ದ. ಏನಾದರೂ ಹೇಳಲೇಬೇಕಿತ್ತು. ಹಾಗಾದರೆ ನಿಜವಾದ ಐಬನ್ನೇ ಹುಡುಕಿ ಹೇಳೋಣ, ಅದಕ್ಕೇನು ಬರವಾ ಅಂತ ನೋಡಿದೆ. ರೊಟ್ಟಿಯನ್ನ ನಾವು ಬೋರಲು ಹಾಕೋದಿಲ್ಲ, ಅದು ಪಾಪ. ತಲೆಗಿಂತ ಮೇಲೆತ್ತಿ ಅಡಿ ನೋಡಿದೆ. ಸಿಕ್ಕಿತು.

“ಅಡಿ ಒಂದು ಮಗ್ಗುಲು ಬಿಳಿಚಿಕೊಂಡಿದೆ. ತಂದೂರಿನ ಬಾಯಿ ಹತ್ತಿರದ ಗೋಡೆ ಕಾಯೋಕೆ ಮುಂಚೆ ಅಂಟಿಸಿದ್ದೀರಿ.”

ಅವನು ಹೌದು, ಸರಿಯಾಗಿ ಹೇಳಿದ್ರಿ, ನಾಳೆಯಿಂದ ಗೋಡೆ ಕಾಯೋವರೆಗೆ ತಡೀತೀನಿ ಅಂದ. ಮನೆ ಎಲ್ಲಿ ಹೇಳಿ, ಬದಲಿ ತರ್ತೀನಿ ಅಂದ. ಬೇಡ ಅಂತ ಫೋನಿಟ್ಟೆ. ಒಳಗೊಳಗೇ ಖುಷಿ. ಅವನ ರೊಟ್ಟಿಯಲ್ಲೂ ಐಬಿತ್ತು, ಅದೂ ಎಂಥದ್ದು, ಹೊಸಬರು ಮಾಡೋ ತಪ್ಪು.

ಎರಡು ದಿನ ಬಿಟ್ಟು ಮತ್ತೆ ತಂದೆ. ಅಡಿ ಎರಡೂ ಮಗ್ಗುಲು ಒಂದೇ ಸಮ ಕೆಂಪಗಿತ್ತು. ಹಾಳಾದವನು ತಿದ್ದಿಕೊಂಡಿದ್ದ. ಹುಡುಕಿದೆ. ಮುಖದ ಮೇಲೆ ಹೊಳಪಿರಲಿಲ್ಲ, ಒಲೆಯೊಳಗೆ ಉಪ್ಪುನೀರು ಚಿಮುಕಿಸೋದು ತಡವಾಗಿತ್ತು. ಹೇಳಿದೆ. ಆಮೇಲಿನ ವಾರ ಅಂಚು ಒಂದು ಕಡೆ ಅರೆಬೆರಳು ದಪ್ಪ ಅಂದೆ. ಕರಿಜೀರಿಗೆ ಹಳೇದು, ವಾಸನೆ ಸತ್ತಿದೆ ಅಂದೆ. ಸೆಕೆ ಶುರುವಾಯಿತು, ಹುಳಿಹಿಟ್ಟಿಗೆ ಬಾವಿಯ ತಣ್ಣೀರು ಹಾಕದಿದ್ದರೆ ಮಧ್ಯಾಹ್ನದ ರೊಟ್ಟಿ ಹುಳಿ ಜಾಸ್ತಿ ಬರುತ್ತೆ ಅಂದೆ. ಅವನು ಪ್ರತಿಯೊಂದನ್ನೂ ಕೇಳೋನು, ಎಷ್ಟು ತಣ್ಣಗಿರಬೇಕು, ಎಷ್ಟು ಹೊತ್ತು ಬಿಡಬೇಕು ಅಂತ ಮರುಪ್ರಶ್ನೆ ಹಾಕೋನು. ನಾನು ದೂರು ಕೊಡೋಕೆ ಅಂತ ಹೋಗಿ ಕಾಲು ಗಂಟೆ ಮಾತಾಡಿ ಬರ್ತಿದ್ದೆ. ನಿಜ ಹೇಳಬೇಕಂದರೆ ಆ ಕಾಲು ಗಂಟೆಗಾಗಿ ಬೆಳಗಿನಿಂದ ಕಾಯ್ತಿದ್ದೆ. ನನ್ನ ಅಂಗಡಿಯಲ್ಲಿ ಇಷ್ಟು ವರ್ಷದಲ್ಲಿ ನನ್ನನ್ನ ಹೀಗೆ ಯಾರೂ ಕೇಳಿರಲಿಲ್ಲ.

ಆದರೆ ಸಾಲು ಕರಗಲಿಲ್ಲ. ನನ್ನ ಕಟ್ಟೆ ದಾಟಿ ಚಮ್ಮಾರನ ಅಂಗಡಿಯವರೆಗೆ ಬೆಳೆಯಿತು. ಕುದ್ರತ್‌ನ ರೊಟ್ಟಿ ಈಚೆಗೆ ಇನ್ನೂ ಚೆನ್ನಾಗಿದೆ, ಏನು ಮಾಡಿದನೋ ಅಂತ ಚಮ್ಮಾರ ನನ್ನನ್ನೇ ಕೇಳಿದ. ನನಗೆ ಮೈ ಪರಚಿಕೊಳ್ಳೋ ಹಾಗಾಯಿತು.

ಮಸ್ತುರಾಗೆ ನನ್ನ ಮೇಲೆ ಅನುಮಾನ ಬಂತು. ಐವತ್ತೇಳರ ಗಂಡ ದಿನ ಬಿಟ್ಟು ದಿನ ಮಧ್ಯಾಹ್ನ ಮರದ ಹಿಂದೆ ನಿಂತು ದನಿ ಬದಲಿಸಿ ಪಿಸುಗುಟ್ಟಿದರೆ ಯಾವ ಹೆಂಡತಿಗೆ ಬರೋದಿಲ್ಲ? ಒಂದು ದಿನ ನಾನು ಫೋನಿಟ್ಟು ತಿರುಗಿದರೆ ಎದುರಿಗೇ ನಿಂತಿದ್ದಳು, ಸೊಂಟಕ್ಕೆ ಕೈ ಕೊಟ್ಟು. ಯಾರವಳು ಅಂತ ಕೇಳಿದಳು. ಯಾವಳೂ ಇಲ್ಲ ಅಂದೆ. ಮೆತ್ತಗಿದೆ, ಕೆಂಪಗಿದೆ, ಹೊಳಪು ಬಂದಿದೆ ಅಂತ ನೀವು ಹೇಳಿದ್ದನ್ನ ಈ ಕಿವಿಯಾರೆ ಕೇಳಿದೆ, ನನಗೆ ಇಪ್ಪತ್ತು ವರ್ಷದಿಂದ ಅಂಥ ಮಾತು ಹೇಳಿಲ್ಲ ನೀವು ಅಂದಳು. ಬೇರೆ ದಾರಿಯಿಲ್ಲದೆ ಎಲ್ಲ ಹೇಳಿಬಿಟ್ಟೆ. ಅವಳು ಮೊದಲು ನಕ್ಕಳು, ಬಾವಿಕಟ್ಟೆ ಮೇಲೆ ಕೂತು ಕಣ್ಣೀರು ಬರೋವರೆಗೆ ನಕ್ಕಳು. ಆಮೇಲೆ ನಗು ನಿಲ್ಲಿಸಿದಳು.

“ಹನ್ನೊಂದು ವರ್ಷ ಒಲೆ ಮುಂದೆ ನಿಲ್ಲಿಸಿಕೊಂಡು ಕಲಿಸಿದ್ದು ಸಾಲದು ಅಂತ ಈಗ ಫೋನಿನಲ್ಲೂ ಕಲಿಸ್ತಿದ್ದೀರಲ್ರೀ. ಅವನ ರೊಟ್ಟಿಗೆ ಇಷ್ಟು ಕಣ್ಣಿಟ್ಟು ನೋಡ್ತೀರಿ. ನಮ್ಮದನ್ನ ಹೀಗೆ ಎತ್ತಿ ಹಿಡಿದು ನೋಡಿ ಎಷ್ಟು ವರ್ಷ ಆಯ್ತು?”

ನಾನು ಇಂಗು ತಿಂದ ಮಂಗನ ಹಾಗೆ ನಿಂತಿದ್ದೆ. ಅವಳು ಒಳಗೆ ಹೋದ ಮೇಲೆ ಅಂಗಡಿಗೆ ಹೋಗಿ ನನ್ನದೇ ರೊಟ್ಟಿ ತಗೊಂಡು ತಲೆ ಮೇಲೆತ್ತಿ ನೋಡಿದೆ. ಎಲ್ಲಿಂದ ಶುರು ಮಾಡಲಿ ಅಂತ ತಿಳಿಯಲಿಲ್ಲ. ಬೇರೆಯವನ ರೊಟ್ಟಿಯಾಗಿದ್ದರೆ ಫೋನಿನಲ್ಲಿ ಒಂದು ಗಂಟೆ ಮಾತಾಡಬಹುದಿತ್ತು.

ದಿಲ್‌ಮುರಾದ್ ಹೊರಡೋಕೆ ಇನ್ನು ಹನ್ನೆರಡು ದಿನ ಇತ್ತು. ಅವತ್ತಿನಿಂದ ನಾನು ಫೋನ್ ಮಾಡೋದು ಬಿಟ್ಟೆ. ಮಗನ ರೊಟ್ಟಿ ನನ್ನ ಒಲೆಯದ್ದೇ ಆಗಬೇಕು, ಅದು ವರ್ಷಪೂರ್ತಿ ಮೊಳೆಯ ಮೇಲೆ ನಿಲ್ಲಬೇಕು ಅಂತ ಹಟ ಹಿಡಿದೆ. ಪುಡಿ ಹಾಕದೆ ಸುಟ್ಟೆ, ಮಿಷನ್ನು ಬಿಟ್ಟು ಕೈಯಲ್ಲಿ ನಾದಿದೆ. ಹಿಟ್ಟಿನ ಕೋಣೆಯ ಗೋಡೆಗೆ ಸಾಲಾಗಿ ಮೊಳೆ ಹೊಡೆದು ಪರೀಕ್ಷೆಗೆ ಅಂತ ರೊಟ್ಟಿ ತೂಗುಹಾಕಿದೆ. ಯೀಸ್ಟಿನ ರೊಟ್ಟಿ, ಬೇಗ ಉಬ್ಬಿತು, ಬೇಗ ಒಣಗಿತು. ಆರನೇ ದಿನ ಮೊದಲನೇದು ಮೊಳೆಯ ಹತ್ತಿರ ಸೀಳಿ ಎರಡು ಹೋಳಾಗಿ ನೆಲಕ್ಕೆ ಬಿತ್ತು. ಮಗ ಊರಲ್ಲಿಲ್ಲದಾಗ ಅವನ ರೊಟ್ಟಿ ಸೀಳಿ ನೆಲಕ್ಕೆ ಬಿದ್ದರೆ ತಾಯಿಗೆ ಏನಾಗುತ್ತೆ ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಹೋಳುಗಳನ್ನ ಎತ್ತಿ ಹಣೆಗೊತ್ತಿಕೊಂಡು, ಮಸ್ತುರಾ ನೋಡೋ ಮುಂಚೆ ನಾನೇ ತಿಂದುಬಿಟ್ಟೆ. ಎರಡನೇದು ಎಂಟನೇ ದಿನ ಬಿತ್ತು.

ವರ್ಷ ನಿಲ್ಲೋದು ಹುಳಿಹಿಟ್ಟಿನ ರೊಟ್ಟಿ ಮಾತ್ರ. ಅದು ಒಣಗಿದರೆ ಹಲಗೆಯ ಹಾಗೆ ಗಟ್ಟಿಯಾಗುತ್ತೆ, ಸೀಳೋದಿಲ್ಲ. ಹೊಸದಾಗಿ ಹುಳಿಹಿಟ್ಟು ಎಬ್ಬಿಸಿ ಹದಕ್ಕೆ ತರೋಕೆ ತಿಂಗಳುಗಟ್ಟಲೆ ಬೇಕು. ನಮ್ಮಮ್ಮನ ಹಿಟ್ಟು ಈಗ ಬದುಕಿರೋದು ಭೂಮಿ ಮೇಲೆ ಒಂದೇ ಕಡೆ, ರಸ್ತೆಯ ಆಚೆ ಮಗ್ಗುಲಲ್ಲಿ, ಅವನ ಮಡಕೆಯಲ್ಲಿ. ನನ್ನ ತಾಯಿಯ ಹಿಟ್ಟು ಅವನ ಮನೆಯಲ್ಲಿ ಉಬ್ಬುತ್ತೆ, ನನ್ನ ಮನೆಯಲ್ಲಿ ಸತ್ತಿದೆ. ಈ ಒಂದು ಯೋಚನೆ ಬಂದಾಗಲೆಲ್ಲ ಅವನ ಒಲೆ ಕುಸಿದು ಹೋಗಲಿ ಅಂತ ಶಪಿಸಿದ್ದೀನಿ, ದೇವರು ಕ್ಷಮಿಸಲಿ. ಹೋಗಿ ಒಂದು ಹಿಡಿ ಕೇಳಿದರೆ ಕೊಡ್ತಿದ್ದ. ಕೊಡ್ತಾನೆ ಅನ್ನೋದೇ ನನ್ನ ಸಂಕಟ. ಒಂಬತ್ತನೇ ದಿನ ಮನಸ್ಸು ಗಟ್ಟಿ ಮಾಡಿ ಹೊರಟೆ. ನಡು ರಸ್ತೆಯವರೆಗೆ ಹೋದೆ. ಸಾಲಿನಲ್ಲಿ ನಿಂತ ಸಾಲಿಹಾ ಖಾಲಾ ನನ್ನನ್ನ ನೋಡಿದಳು. ಅಲ್ಲಿಂದಲೇ ತಿರುಗಿ, ಬೇಡದಿದ್ದರೂ ಒಂದು ಚೀಲ ಈರುಳ್ಳಿ ತಗೊಂಡು ಮನೆಗೆ ಬಂದೆ.

ಹೊರ‍ಡುವ ದಿನ ಬಂತು. ಬೆಳಿಗ್ಗೆ ಅಂಗಳದಲ್ಲಿ ದೊಡ್ಡ ಬಾಣಲೆಯಲ್ಲಿ ಪಲಾವು ಮಾಡಿ ನೆಂಟರಿಗೆ, ನೆರೆಯವರಿಗೆ ಬಡಿಸಿದ್ದಾಯಿತು. ಹತ್ತು ಗಂಟೆಗೆ ಹುಡುಗರನ್ನ ಕರೆದೊಯ್ಯೋ ಬಸ್ಸು. ಹಾಸಿನ ಮೇಲೆ ನಲವತ್ತು ಜನ ಕೂತಿದ್ದರು, ಸಾಲಿಹಾ ಖಾಲಾನೂ ಇದ್ದಳು. ಅವತ್ತು ನಸುಕಿಗೇ ಎದ್ದು ನಾನು ಆ ರೊಟ್ಟಿ ಸುಟ್ಟಿದ್ದೆ. ನೋಡೋಕೆ ಅಂಥ ರೊಟ್ಟಿ ಈ ಕೈಯಿಂದ ಹತ್ತು ವರ್ಷದಲ್ಲಿ ಬಂದಿರಲಿಲ್ಲ. ಹೂವು ಬಿಡಿಬಿಡಿಯಾಗಿ ಎದ್ದಿತ್ತು, ಕೆಂಪು ಬಣ್ಣ, ಹೊಳಪು. ನೆಂಟರು ನೋಡಿ ವಾಹ್ ಉಸ್ತಾ ಅಂದರು. ಮಸ್ತುರಾಗೆ ನೆಲಕ್ಕೆ ಬಿದ್ದ ಹೋಳುಗಳ ವಿಷಯ ಗೊತ್ತಿರಲಿಲ್ಲ. ಗಂಡ ತನ್ನ ಮಾತು ಕೇಳಿ ಕೈಯಾರೆ ಮಾಡಿದ್ದಾನೆ, ಇನ್ನೇನು ಬೇಕು ಅಂತ ಅವಳು ನಂಬಿದ್ದಳು. ರೊಟ್ಟಿಯನ್ನ ಎರಡೂ ಕೈಯಲ್ಲಿ ಹಿಡಿದು ಮಗನಿಗೆ ಕೊಟ್ಟಳು.

ದಿಲ್‌ಮುರಾದ್ ರೊಟ್ಟಿಯನ್ನ ಹಣೆಗೆ ಮುಟ್ಟಿಸಿಕೊಂಡು ಬಾಯಿಗೆ ತಂದ. ನನಗೆ ಗೊತ್ತಿತ್ತು, ಆರು ದಿನ, ಹೆಚ್ಚೆಂದರೆ ಎಂಟು ದಿನ. ಸುಮ್ಮನಿದ್ದಿದ್ದರೆ ನಲವತ್ತು ಜನರ ಮುಂದೆ ಗೆದ್ದಿರುತ್ತಿದ್ದೆ. ಸಾಲಿಹಾ ಖಾಲಾ ಎದುರಿಗೇ ಕೂತು ನೋಡ್ತಿದ್ದಳು. ಬಸ್ಸು ಹೋದ ಒಂದು ವಾರಕ್ಕೆ ಒಂದು ಬೆಳಿಗ್ಗೆ ಮಸ್ತುರಾ ಗೋಡೆಯ ಹತ್ತಿರ ಬರ್ತಾಳೆ, ನೆಲ ನೋಡ್ತಾಳೆ. ಆಮೇಲೆ ಅವಳು ನನ್ನ ಹತ್ತಿರ ಬಂದು ಏನು ಮಾಡಲಿ ಅಂತ ಕೇಳ್ತಾಳೆ. ಆಗ ನಾನೇನು ಹೇಳಲಿ, ಮನೆಗೆ ಸುಣ್ಣ ಬಳಿಸು ಅನ್ನಲಾ?

“ತಡಿ,” ಅಂದೆ. “ಅದನ್ನ ಕಚ್ಚಬೇಡ.”

ಎಲ್ಲರೂ ನನ್ನ ಕಡೆ ತಿರುಗಿದರು. ಯಾಕಪ್ಪಾ ಅಂದ ಮಗ. ಅದು ವರ್ಷ ನಿಲ್ಲೋದಿಲ್ಲ ಅಂದೆ. ನನ್ನ ರೊಟ್ಟಿ ಗೋಡೆ ಮೇಲೆ ನಿಲ್ಲೋದಿಲ್ಲ ಅಂತ, ಎಲ್ಲರಿಗೂ ಕೇಳೋ ಹಾಗೆ, ಇನ್ನೊಂದು ಸಲ ಹೇಳಿದೆ. ಮೂವತ್ತು ವರ್ಷ ರೊಟ್ಟಿ ಸುಟ್ಟವನು ತನ್ನ ಬಾಯಿಂದ ಆ ಮಾತು ಹೇಳೋದು ಹೇಗಿರುತ್ತೆ ಅಂತ ನನ್ನನ್ನ ಕೇಳಬೇಡಿ. ಜೇಬಿನಿಂದ ಫೋನು ತೆಗೆದೆ. ಹಳೇ ಸಿಮ್ಮು ಇನ್ನೂ ಅದರಲ್ಲೇ ಇತ್ತು, ಬದಲಿಸೋಕೆ ಪುರುಸೊತ್ತಿರಲಿಲ್ಲ. ನಂಬರನ್ನ ನೋಡಿ ಒತ್ತಬೇಕಾಗಿರಲಿಲ್ಲ, ಅದು ಬೆರಳಿಗೇ ಬಂದಿತ್ತು.

ಎರಡನೇ ಗಂಟೆಗೇ ಎತ್ತಿದ. ಗಂಟಲು ದಪ್ಪ ಮಾಡೋ ಮನಸ್ಸಾಗಲಿಲ್ಲ. ಮಾತು ಹೊರಡೋಕೆ ಮುಂಚೆ ಅವನೇ ಶುರು ಮಾಡಿದ.

“ಹನ್ನೆರಡು ದಿನ ಆಯ್ತು ಉಸ್ತಾ, ನೀವು ಫೋನೇ ಮಾಡಲಿಲ್ಲ. ರೊಟ್ಟಿಯಲ್ಲಿ ಐಬೇ ಇಲ್ಲ ಅಂತಲಾ, ಇಲ್ಲ ನನ್ನ ಮೇಲೆ ಕೋಪನಾ ಅಂತ ಯೋಚನೆ ಮಾಡ್ತಿದ್ದೆ.”

ಉಸ್ತಾ ಅಂದ. ಮೊದಲ ದಿನ, ಒಲೆಯ ಬಾಯಿಯ ಗೋಡೆ ಕಾದಿಲ್ಲ ಅಂದಾಗಲೇ ಅವನಿಗೆ ಗೊತ್ತಾಗಿರಬೇಕು. ಆ ಮಾತನ್ನ ಬೈಗುಳದ ಜೊತೆ ಹನ್ನೊಂದು ವರ್ಷ ಕೇಳಿದವನು. ಗೊತ್ತಿದ್ದೂ ಎರಡು ತಿಂಗಳು ಯಾರಿಗೂ ಹೇಳದೆ, ಸಾಲಿನಲ್ಲಿ ನಿಂತ ಒಬ್ಬರ ಮುಂದೂ ನಗದೆ, ನನ್ನನ್ನ ಮರುಪ್ರಶ್ನೆ ಹಾಕಿ ಹಾಕಿ ಮಾತಾಡಿಸಿದ್ದ. ನಾನಾಗಿದ್ದರೆ ಮಾರನೇ ದಿನವೇ ಊರಿಗೆಲ್ಲ ಹೇಳಿ ಮಾನ ಕಳೀತಿದ್ದೆ. ಇದರಲ್ಲೂ ಅವನೇ ಮೇಲಾದ ಅಂತ ಅಲ್ಲಿ ನಿಂತಲ್ಲೇ ನನಗೆ ಹೊಟ್ಟೆ ಉರಿಯಿತು.

ದಿಲ್‌ಮುರಾದ್ ಹೊರಟಿದ್ದಾನೆ, ಒಂದು ರೊಟ್ಟಿ ಬೇಕು ಅಂದೆ. ಅವನು ಮತ್ತೊಂದು ಮಾತು ಕೇಳಲಿಲ್ಲ. ಹಿಟ್ಟಿನ ಏಪ್ರನ್ನಿನಲ್ಲೇ, ಬಿಳಿ ಬಟ್ಟೆಯಲ್ಲಿ ಸುತ್ತಿದ ರೊಟ್ಟಿಯನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ರಸ್ತೆ ದಾಟಿ ಓಡಿ ಬಂದ. ನೆಂಟರ ಸಾಲಿನ ನಡುವೆ ಬಂದು, ಮಗನಿಗೂ ಕೊಡದೆ, ಮಸ್ತುರಾಗೂ ಕೊಡದೆ, ನನ್ನ ಮುಂದೆ ನಿಂತು ಬಟ್ಟೆ ಬಿಡಿಸಿ ಹಿಡಿದ.

“ನೋಡಿ ಕೊಡಿ ಉಸ್ತಾ,” ಅಂದ.

ತಗೊಂಡು ನೋಡಿದೆ. ನಲವತ್ತು ಜನ ಕಾಯ್ತಿದ್ದರು, ಬಸ್ಸಿನ ಹೊತ್ತು ಮೀರ್ತಿತ್ತು, ಆದರೂ ಬಿಡದೆ ನೋಡಿದೆ. ತಲೆಗಿಂತ ಮೇಲೆತ್ತಿ ಅಡಿ ನೋಡಿದೆ, ಎರಡೂ ಮಗ್ಗುಲು ಒಂದೇ ಕೆಂಪು. ಅಂಚಿನ ಸುತ್ತ ಹೆಬ್ಬೆರಳು ಒತ್ತಿಕೊಂಡು ಬಂದೆ, ಎಲ್ಲೂ ಹೆಚ್ಚುಕಮ್ಮಿ ಇಲ್ಲ. ಮೂಗಿನ ಹತ್ತಿರ ಹಿಡಿದೆ, ಕರಿಜೀರಿಗೆ ಹೊಸದು, ಹುಳಿ ನಮ್ಮಮ್ಮ ಮಾಡ್ತಿದ್ದಷ್ಟೇ. ಒಂದು ಐಬು ಸಿಗಲಿ ದೇವರೇ, ಒಂದೇ ಒಂದು, ಎಷ್ಟು ಸಣ್ಣದಾದರೂ ಸರಿ ಅಂತ ಹುಡುಕಿದೆ. ನಾನು ಹೇಳಿದ್ದನ್ನೆಲ್ಲ ಮಾಡಿದ್ದ. ಏನೂ ಸಿಗಲಿಲ್ಲ. ನನ್ನ ಹೊಟ್ಟೆ ಅವತ್ತು ಉರಿದ ಹಾಗೆ ಹುಟ್ಟಿದಾಗಿನಿಂದ ಉರಿದಿರಲಿಲ್ಲ. ರೊಟ್ಟಿಯನ್ನ ಮಗನ ಕೈಗೆ ಕೊಟ್ಟೆ.

“ಇದನ್ನ ಕಚ್ಚು ಮಗಾ,” ಅಂದೆ.